ಸಿಡಿಲಿನ ಹೆಸರೆತ್ತದ ಮನೆ

ಇಂಡಿ ಊರಿನಲ್ಲಿ ನಾನು ಡಾಕ್ಟರನಾಗಿದ್ದ ದವಾಖಾನೆಯ ಔಷಧದ ಕಪಾಟಿಗೆ ಒಂದು ಕೆಟ್ಟ ಚಟವಿತ್ತು. ಎಷ್ಟು ಮೆತ್ತಗೆ ಹಾಕಿದರೂ ಅದರ ಕಬ್ಬಿಣದ ಬಾಗಿಲು ಧಡ್ ಎಂದೇ ಮುಚ್ಚಿಕೊಳ್ಳುತ್ತಿತ್ತು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಸಂತೆಯ ದಿನ, ನಮ್ಮ ಕಂಪೌಂಡರ್ ಅದನ್ನು ಮುಚ್ಚಿದ್ದೇ ತಡ, ನನ್ನೆದುರು ಕುಳಿತಿದ್ದ ಗಂಡಸು ಕುರ್ಚಿ ಬಿಟ್ಟು ನನ್ನ ಮೇಜಿನ ಕೆಳಗೆ ಹೊಕ್ಕ. ಗಟ್ಟಿ ಆಳು, ಇಪ್ಪತ್ತೈದರ ಆಸುಪಾಸು, ಕುರಿ ಕಾಯುವವನು. ಸುಡು ಬಿಸಿಲಲ್ಲೂ ತಲೆಯ ಮೇಲೆ ಕರಿಯ ಕಂಬಳಿ. ಬಗ್ಗಿ ನೋಡಿದೆ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನನ್ನ ಚಪ್ಪಲಿಯ ಪಕ್ಕ ಮುದ್ದೆಯಾಗಿ ಕುಳಿತಿದ್ದ.

ಅವನ ಜೊತೆ ಇಬ್ಬರು ಬಂದಿದ್ದರು. ಒಬ್ಬ ಅವನ ಅಪ್ಪ. ಇನ್ನೊಬ್ಬಳು ತೀರಿಹೋದ ಅವನ ಅಣ್ಣನ ಹೆಂಡತಿ. ಅತ್ತಿಗೆ ಒಳಗೆ ಬರಲಿಲ್ಲ. ಬಾಗಿಲ ಹೊರಗಿನ ಬಾಕಿನ ಮೇಲೆ ಸೆರಗು ಹೊದ್ದು, ಮುಖ ಆಚೆ ಮಾಡಿ ಕುಳಿತಳು. ಕಥೆಯನ್ನೆಲ್ಲ ಅಪ್ಪನೇ ಹೇಳಿದ.

"ಹೋದ ವರ್ಷ ಉತ್ತರಿ ಮಳ್ಯಾಗ ನಮ್ಮ ದೊಡ್ಡ ಮಗಾ ಹೋದ್ನರಿ. ಇಬ್ರೂ ದಿನ್ನಿ ಮ್ಯಾಲ ಕುರಿ ಮೇಸಾಕತ್ತಿದ್ರು. ಮ್ಯಾಲಿಂದ ಬಿತ್ತು. ಇವ ಸ್ವಲ್ಪ ದೂರ ಇದ್ದ, ಉಳದ. ಉಳದ ಅಂತ ಹ್ಯಾಂಗ ಅನ್ನೂದ್ರಿ? ಮೋಡ ಕಂಡ್ರ ಒಳಗ ಹೊಕ್ಕೋತಾನ. ರಾತ್ರಿ ಚೀರಿ ಏಳ್ತಾನ. ಕುರಿ ಕಡೆ ತಿರಗಿ ನೋಡಾಣಿಲ್ಲ. ಇಷ್ಟೂ ಕುರಿ ನಾ ಒಬ್ಬ ಮುದುಕ ಹ್ಯಾಂಗ ಕಾಯ್ಲಿ?"

ದೇವರಿಗೆ ನಡೆದುಕೊಂಡಿದ್ದರು, ಕೈಗೆ ದಾರ ಕಟ್ಟಿಸಿದ್ದರು, ದರ್ಗಾಕ್ಕೂ ಕರೆದೊಯ್ದಿದ್ದರು. ಕೊನೆಗೆ ನನ್ನ ಹತ್ತಿರ ಬಂದಿದ್ದರು. ಡಾಕ್ಟರನ ಸರದಿ ಯಾವಾಗಲೂ ಕೊನೆಗೇ.

"ಕಾರಹುಣ್ಣಿಮಿ ತನಕ ನೋಡ್ತೇನ್ರಿ," ಎಂದ ಅಪ್ಪ. "ಅಷ್ಟರಾಗ ಇವ ಹಟ್ಟಿಗಿ ಬರಲಿಲ್ಲಂದ್ರ ಎಲ್ಲಾ ಕುರಿ ತಾಳಿಕೋಟಿ ವ್ಯಾಪಾರಿಗೆ ಕೊಟ್ಟ ಬಿಡಾಂವ."

ಮೇಜಿನ ಕೆಳಗಿಂದ ದನಿ ಬಂತು. "ಕುರಿ ಮಾರಬ್ಯಾಡ ಯಪ್ಪಾ."

ಅವತ್ತು ಅವನಾಡಿದ್ದು ಅದೊಂದೇ ಮಾತು. ನನಗೆ ಅಷ್ಟು ಸಾಕಾಯಿತು. ಕುರಿ ಬೇಡವಾದವನಿಗೆ ಏನು ಮಾಡಬೇಕೋ ನನಗೆ ಗೊತ್ತಿರಲಿಲ್ಲ. ಇವನಿಗೆ ಕುರಿ ಬೇಕಾಗಿತ್ತು, ಕುರಿಯ ಮೇಲಿನ ಆಕಾಶ ಬೇಡವಾಗಿತ್ತು.

ಈ ಬೇನೆಗೆ ಈಗ ಉದ್ದನೆಯ ಹೆಸರೊಂದಿದೆ. ಆಗ ನಾವು ಅಂಜಿಕೆ ಬಡಿದದ್ದು ಅನ್ನುತ್ತಿದ್ದೆವು. ಮನೋರೋಗದ ಪಾಠ ಹೇಳಿದ ನನ್ನ ಗುರುಗಳು ಒಂದು ವಿಧಾನ ಕಲಿಸಿಕೊಟ್ಟಿದ್ದರು. ಅಂಜಿಕೆಯನ್ನು ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲು ಮಾಡಿಕೊಳ್ಳುವುದು, ಕೆಳಗಿನ ಮೆಟ್ಟಿಲಿಂದ ಶುರು ಮಾಡುವುದು. ಪ್ರತಿ ಮೆಟ್ಟಿಲು ಹತ್ತುವ ಮೊದಲು ರೋಗಿಗೆ ತನ್ನ ಬದುಕಿನ ಒಂದು ಹಿತವಾದ ನೆನಪನ್ನು ಕಣ್ಣು, ಕಿವಿ, ಮೂಗು, ಚರ್ಮ ಎಲ್ಲದರಿಂದ ಮತ್ತೆ ಬದುಕಿಸಿಕೊಳ್ಳಲು ಹೇಳುವುದು. ಮೈ ಹಗುರಾದಾಗ ಅಂಜಿಕೆಯನ್ನು ಒಂಚೂರು ತೋರಿಸುವುದು. ಹಿತ ಮತ್ತು ಅಂಜಿಕೆ ಒಂದೇ ಎದೆಯಲ್ಲಿ ಒಟ್ಟಿಗೆ ಕೂರಲಾರವು ಎಂಬುದು ಅವರ ಲೆಕ್ಕ. ಜೊತೆಗೆ ಒಂದು ಕಟ್ಟಪ್ಪಣೆಯೂ ಇತ್ತು. ಆರಿಸಿಕೊಂಡ ನೆನಪಿನ ಮೇಲೆ ಆ ದುರ್ಘಟನೆಯ ನೆರಳು ಸುಳಿಯಕೂಡದು.

ನಿದ್ದೆಗೆ ಗುಳಿಗೆ ಕೊಟ್ಟು, ಸಂತೆಯ ದಿನಗಳಂದು ಬರಲು ಹೇಳಿದೆ. ಮುಂದಿನ ವಾರ ಕಪಾಟು ಮುಟ್ಟಕೂಡದೆಂದು ಕಂಪೌಂಡರನಿಗೆ ತಾಕೀತು ಮಾಡಿ, ಕಿಟಕಿ ಮುಚ್ಚಿ, ಅವನನ್ನು ಚಾಪೆಯ ಮೇಲೆ ಕೂರಿಸಿದೆ. ಕುರ್ಚಿ ಅವನಿಗೆ ಆಗುತ್ತಿರಲಿಲ್ಲ.

"ಒಂದು ಸಂತೋಷದ ನೆನಪು ಹೇಳು," ಎಂದೆ.

"ಅವೆಲ್ಲಾ ಓದಿದವರವು ರೀ. ನಮಗೆಲ್ಲಿ ಬರಬೇಕು?"

ಪುಸ್ತಕದ ಮಾತಾಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ನಾನೇನು ಸಮುದ್ರದಾಚೆಯಿಂದ ಬಂದವನೇ? ನನ್ನದೂ ಮುದ್ದೇಬಿಹಾಳದ ಕಡೆ. "ಎದ್ಯಾಗ ಹಿಗ್ಗ ಆಗಿದ್ದು ಯಾವಾಗ ಹೇಳು ತಮ್ಮಾ."

"ಹಿಗ್ಗೇನ್ರಿ?" ಅವನ ಮುಖ ಸ್ವಲ್ಪ ಬಿಚ್ಚಿಕೊಂಡಿತು. "ಹಿಗ್ಗ ಬೇಕಾದಷ್ಟು ಆಗೈತ್ರಿ. ಕರಿ ಕುರಿ ಎರಡ ಮರಿ ಹಾಕಿತ್ತು. ಒಂದ ಮರಿ ನನ್ನ ಉಡ್ಯಾಗ ಹಾಕಿ ನಮ್ಮಣ್ಣ..." ಮಾತು ಅಲ್ಲಿಗೇ ತುಂಡಾಯಿತು. ಕೈ ಹಿಡಿದು ನಾಡಿ ನೋಡಿದೆ, ಓಡುತ್ತಿತ್ತು.

ಇನ್ನೊಂದು ಕೇಳಿದೆ. ಅದರಲ್ಲೂ ಅಣ್ಣ. ಹಳ್ಳದಲ್ಲಿ ಈಜಿದ್ದು, ಅಣ್ಣನ ಜೊತೆ. ಹಸಿ ಶೇಂಗಾ ಸುಟ್ಟು ತಿಂದದ್ದು, ಅಣ್ಣ ಕದ್ದು ತಂದ ಶೇಂಗಾ. ಆ ಮನುಷ್ಯ ತಮ್ಮನ ಬದುಕಿನ ಒಂದು ಹಿಗ್ಗನ್ನೂ ತಾನಿಲ್ಲದೆ ಆಗಗೊಟ್ಟಿರಲಿಲ್ಲ. ಗುರುಗಳ ಅಪ್ಪಣೆ ಪಾಲಿಸಬೇಕೆಂದರೆ ಇವನಿಗೆ ಒಳ್ಳೆಯ ನೆನಪೇ ಇಲ್ಲ ಎಂದಾಗುತ್ತಿತ್ತು.

ಹುಡುಕೀ ಹುಡುಕೀ ಒಂದು ಸಿಕ್ಕಿತು. ಚಿಕ್ಕವನಿದ್ದಾಗ ತಮ್ಮ ಮನೆ ಹತ್ತಿರದ ಊರು ತಾಂಬಾದ ಶಾಲೆಗೆ ಸೇರಿಸಿದ ದಿನ ಮಾಸ್ತರು ಅಂಗೈಯಲ್ಲಿ ಬೆಲ್ಲದ ತುಣುಕು ಇಟ್ಟಿದ್ದರಂತೆ. ಇವನು ಬೆಲ್ಲ ಮುಷ್ಟಿಯಲ್ಲಿ ಹಿಡಿದು ಕಿಟಕಿಯಿಂದ ಹಾರಿ ಓಡಿದವನು ಮತ್ತೆ ಆ ಕಡೆ ಹೋಗಿರಲಿಲ್ಲ. ಅಣ್ಣ ಅದರಲ್ಲಿ ಇರಲಿಲ್ಲ. ನಾನು ಆ ಬೆಲ್ಲವನ್ನು ಬಿಡದೆ ಹಿಡಿದುಕೊಂಡೆ.

"ಬೆಲ್ಲ ಯಾವ ಕೈಯಾಗ ಐತಿ?"

"ಬಲಗೈಯಾಗ್ರಿ."

"ಕಾಲಕೆಳಗ ನೆಲ?"

"ಕಾದೈತ್ರಿ. ಬೆಲ್ಲ ಕರಗಿ ಬೊಟ್ಟಿಗಿ ಅಂಟಾಕತ್ತೈತ್ರಿ."

ಉಸಿರು ನಿಧಾನವಾದಾಗ ನಾನು ಕೈಸನ್ನೆ ಮಾಡುತ್ತಿದ್ದೆ. ಅಂಗಳದಾಚೆಯ ಗೋಡೆಯ ಹಿಂದೆ ಕಂಪೌಂಡರ್ ಒಂದು ಹಳೆಯ ತಗಡು ಹಿಡಿದು ನಿಂತಿರುತ್ತಿದ್ದ. ಅದನ್ನು ಮೆಲ್ಲಗೆ ಅಲ್ಲಾಡಿಸಿದರೆ ದೂರದ ಗುಡುಗಿನಂಥ ಸದ್ದು. ವಾರ ಕಳೆದಂತೆ ಅವನು ನಾಲ್ಕು ಹೆಜ್ಜೆ ಹತ್ತಿರ ಬರಬೇಕು, ಅಷ್ಟೇ. ಆದರೆ ಅವನಿಗೆ ನಾಟಕದ ಹುಚ್ಚು. ಒಂದು ಸಲ ಮೈಮರೆತು ಎಷ್ಟು ಜೋರಾಗಿ ಗುಡುಗಿಸಿದನೆಂದರೆ ಹೆರಿಗೆ ಕೋಣೆಯಿಂದ ನರ್ಸಮ್ಮ ಓಡಿಬಂದು ಬೈದಳು. ಆದರೂ ಕೆಲಸ ಸಾಗಿತ್ತು. ಕುರಿಗಾರ ರಾತ್ರಿ ಮಲಗತೊಡಗಿದ್ದ. ಕಂಬಳಿ ತಲೆಯಿಂದ ಹೆಗಲಿಗೆ ಇಳಿದಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಗೆ ಬೇಸಿಗೆಯ ಅಡ್ಡಮಳೆ ಮಣ್ಣೆರಚಿತು. ಅವನು ಚಾಪೆಯ ಮೇಲಿದ್ದಾಗಲೇ ಮೋಡ ಕವಿದು, ತಗಡಿನದಲ್ಲದ ನಿಜವಾದ ಗುಡುಗು ಊರ ನೆತ್ತಿಯ ಮೇಲೆ ಒಡೆಯಿತು. "ಬೆಲ್ಲ, ಬೆಲ್ಲ ನೆನಸ್ಕೋ" ಎಂದು ನಾನು ಕೂಗುತ್ತಿದ್ದೆ, ಅವನು ಆಗಲೇ ಬಾಗಿಲು ದಾಟಿದ್ದ. ಮಳೆ ನಿಂತ ಮೇಲೆ ನಿಲ್ದಾಣದಲ್ಲಿ ನಿಂತ ಬಸ್ಸೊಂದರ ಸೀಟಿನ ಕೆಳಗೆ ಸಿಕ್ಕ. ಅತ್ತಿಗೆ ಅವನನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಒಂದು ತುಣುಕು ಬೆಲ್ಲ ಸಿಡಿಲನ್ನು ತಡೆದು ನಿಲ್ಲಿಸುವಷ್ಟು ದೊಡ್ಡದಾಗಿರಲಿಲ್ಲ.

ಮುಂದಿನ ಸಂತೆಗೆ ಅವರು ಬರಲಿಲ್ಲ. ಅದರ ಮುಂದಿನ ಸಂತೆಗೆ ಅಪ್ಪನೊಬ್ಬನೇ ಬಂದ. ವ್ಯಾಪಾರಿ ಕುರಿ ನೋಡಿಕೊಂಡು ಹೋಗಿದ್ದಾನೆ, ಕಾರಹುಣ್ಣಿಮೆಗೆ ಹೊಡೆದುಕೊಂಡು ಹೋಗುತ್ತಾನೆ ಎಂದ. ನನಗೆ ಸಿಟ್ಟು ಬಂತು, ಅಪ್ಪನ ಮೇಲಲ್ಲ, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. "ಆದಿತ್ಯವಾರ ನಾನ ಬರ್ತೇನ್ರಿ ಯಜಮಾನ್ರ," ಎಂದುಬಿಟ್ಟೆ.

ತಾಂಬಾಕ್ಕೆ ಬಸ್ಸು, ಅಲ್ಲಿಂದ ಎರೆಹೊಲಗಳ ನಡುವೆ ನಡಿಗೆ. ಊರ ಹೊರಗೆ ಅವರ ಮನೆ, ಪಕ್ಕದಲ್ಲಿ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿಹಟ್ಟಿ. ನನ್ನನ್ನು ಕಂಬಳಿ ಹಾಸಿ ಕೂರಿಸಿದರು. ನನ್ನ ರೋಗಿ ಗೋಡೆಗೊರಗಿ ಕುಳಿತಿದ್ದ. ಅತ್ತಿಗೆ ಒಲೆಯ ಮುಂದೆ. ಮನೆಯ ಹಿರಿಯಳು, ಅವನ ಅಜ್ಜಿ, ಹೊಸ್ತಿಲಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದಳು. ತೀರಿಹೋದವನ ಪುಟ್ಟ ಮಗಳು ಎಲ್ಲಿಂದಲೋ ಓಡಿಬಂದು ಅಜ್ಜಿಯ ಪಕ್ಕದ ನೀರಿನ ಕೊಡ ಉರುಳಿಸಿದಳು. ಉಣ್ಣೆಯೆಲ್ಲ ತೊಯ್ದಿತು.

"ಏ, ನಿನಗ ಸಿಡ್ಲ..." ಎಂದಳು ಅಜ್ಜಿ, ತಟ್ಟನೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಮನೆಯೇ ನಿಂತುಬಿಟ್ಟಿತು. ಅತ್ತಿಗೆಯ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಅಪ್ಪ ನೆಲ ನೋಡಿದ. ಕುರಿಗಾರ ಎದ್ದು ಸರಸರನೆ ಹೊರಗೆ ಹೋದ. ಆಗ ನನಗೆ ಹೊಳೆಯಿತು. ಅಪ್ಪ ಅಷ್ಟು ಸಲ ನನ್ನೆದುರು ಕಥೆ ಹೇಳಿದ್ದರೂ ಸಿಡಿಲು ಎಂಬ ಶಬ್ದವನ್ನು ಒಮ್ಮೆಯೂ ಆಡಿರಲಿಲ್ಲ. "ಮ್ಯಾಲಿಂದ ಬಿತ್ತು" ಎಂದಷ್ಟೇ ಅನ್ನುತ್ತಿದ್ದ.

ನಮ್ಮ ಕಡೆಯ ಬೈಗುಳ ಗೊತ್ತಿಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮವ್ವ ನನ್ನನ್ನು ಊಟಕ್ಕೆ ಕರೆಯುತ್ತಿದ್ದದ್ದೇ "ಎಲ್ಲಿ ಹಾಳಾಗಿ ಹೋಗಿದ್ಯೋ, ನಿನ್ನ ಬಾಯಾಗ ಮಣ್ಣ ಹಾಕ, ಬಾ ಉಣ್ಣಾಕ" ಎಂದು. ಹೊರಗಿನವರ ಕಿವಿಗೆ ಅದು ಶಾಪ, ನಮಗೆ ಬಿಸಿ ರೊಟ್ಟಿ. "ನಿನಗ ಸಿಡ್ಲ ಬಡೀಲಿ" ಎಂಬುದೂ ಅದೇ ಜಾತಿಯದು. ಮಕ್ಕಳಿಗೆ, ಗೆಳೆಯರಿಗೆ, ಹಟಮಾರಿ ಎತ್ತಿಗೆ, ಹೊತ್ತದ ಒಲೆಗೆ ದಿನಕ್ಕೆ ಹತ್ತು ಸಲ ಅನ್ನುವ ಮಾತು.

ನಾನು ಅವನ ಹಿಂದೆಯೇ ಹಟ್ಟಿಗೆ ಹೋದೆ. ಕುರಿಗಳನ್ನು ಅವತ್ತು ಊರಿನ ಹುಡುಗನೊಬ್ಬ ಮೇಯಿಸಲು ಹೊಡೆದುಕೊಂಡು ಹೋಗಿದ್ದ, ಬೇಲಿಯೊಳಗೆ ಹಿಕ್ಕೆಯ ವಾಸನೆ ಮಾತ್ರ ಇತ್ತು. ಹತ್ತಿರ ಕುಳಿತೆ. ಕೇಳುವ ಅಗತ್ಯವೇ ಬೀಳಲಿಲ್ಲ.

"ನಾ ಅಂದಿದ್ನರಿ," ಎಂದ. "ಅವತ್ತ ಅಂವ ನನ್ನ ಚಪ್ಪಲಿ ಮುಚ್ಚಿಟ್ಟು ಕಾಡಾಕತ್ತಿದ್ದ. ನಾ ನಕ್ಕೊಂತ ಅಂದೆ. ಅದನ್ನ ಅಂದೆ. ಅಂವ ಚಪ್ಪಲಿ ಒಗದು, ನಕ್ಕೊಂತ ಅತ್ತಾಗ ಹೋದ. ಆಮ್ಯಾಲ ಬಿತ್ತು."

ಅವನ ಕಣ್ಣಲ್ಲಿ ನೀರಿರಲಿಲ್ಲ. ನೀರಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಷ್ಟು ತಿಂಗಳು ಈ ಮನುಷ್ಯ ಅಂಜಿದ್ದು ಆಕಾಶಕ್ಕಲ್ಲ, ತನ್ನ ನಾಲಿಗೆಗೆ. ನಾನು ಅವನಿಗೆ ತಗಡು ಬಾರಿಸುತ್ತ ಕುಳಿತಿದ್ದೆ!

ಓದಿದವನ ಮೊದಲ ಮದ್ದು ಉಪದೇಶ. ಮೋಡದಲ್ಲಿ ವಿದ್ಯುತ್ತು ಹೇಗೆ ಹುಟ್ಟುತ್ತದೆ, ದಿಬ್ಬದ ಮೇಲೆ ಯಾಕೆ ಬೀಳುತ್ತದೆ, ಮಾತಿಗೂ ಅದಕ್ಕೂ ಹೇಗೆ ಸಂಬಂಧವಿಲ್ಲ ಎಂದು ಒಂದು ಪಾಠವನ್ನೇ ಮಾಡಿದೆ. ಅವನು ಸೌಜನ್ಯದಿಂದ ಪೂರ್ತಿ ಕೇಳಿದ.

"ತಿಳೀತೈತ್ರಿ ಸಾಹೇಬ್ರ," ಎಂದ. "ತಿಳದ್ರ ಏನಾತು?"

ವಾಪಸು ಬರುವ ಬಸ್ಸಿನಲ್ಲಿ ಅದೇ ಪ್ರಶ್ನೆ ನನ್ನ ಪಕ್ಕದಲ್ಲಿ ಕುಳಿತು ಬಂತು. ಗುರುಗಳು ಹೇಳಿದ್ದು ಅಣ್ಣನ ನೆರಳಿಲ್ಲದ ನೆನಪು. ಆದರೆ ಅಣ್ಣನನ್ನು ಹೊರಗಿಟ್ಟರೆ ಇವನ ಬಳಿ ಉಳಿಯುವುದು ಬೆಲ್ಲದ ತುಣುಕು ಮಾತ್ರ. ಹಿಗ್ಗೆಲ್ಲ ಅಣ್ಣನ ಹತ್ತಿರವೇ ಇತ್ತು. ಹಾಗಾದರೆ ಅಣ್ಣನನ್ನೇ ಕರೆಯಬೇಕು, ಬೈಗುಳ ಸಮೇತ. ತಪ್ಪಿದರೆ? ಅವನ ಪಾಲಿಗೆ ಉಳಿದಿದ್ದ ಒಳ್ಳೆಯ ದಿನಗಳನ್ನೂ ನಾನೇ ಕೈಯಾರೆ ಕೆಡಿಸಿದಂತೆ. ಕೇಳೋಣವೆಂದರೆ ಗುರುಗಳು ಹತ್ತಿರವಿರಲಿಲ್ಲ, ಕಾರಹುಣ್ಣಿಮೆ ಹತ್ತಿರವಿತ್ತು. ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಬಸ್ಸು ಇಳಿಯುವ ಹೊತ್ತಿಗೆ ಕಟ್ಟಪ್ಪಣೆ ಮುರಿಯುವುದೆಂದು ತೀರ್ಮಾನಿಸಿದ್ದೆ.

ಮುಂದಿನ ಆದಿತ್ಯವಾರ ಚಾಪೆಯನ್ನು ಅವರ ಹಟ್ಟಿಯಲ್ಲೇ ಹಾಸಿದೆವು. ಸಂಜೆಯ ಹೊತ್ತು, ಕುರಿಗಳು ಮೇದು ಬಂದು ಸುತ್ತ ಮಲಗಿದ್ದವು. ಅವನ ಕೈಗೆ ಒಂದು ಹಿಡಿ ಉಣ್ಣೆ ಕೊಟ್ಟೆ, ಬೆರಳಿಗೆ ಕೆಲಸವಿರಲಿ ಎಂದು.

"ನಿಮ್ಮಣ್ಣ ನಿನಗ ಏನೇನ ಬೈತಿದ್ದ?"

ಅವನು ಗಾಬರಿಯಿಂದ ನನ್ನನ್ನು ನೋಡಿದ. ನಾನು ನೋಟ ತಪ್ಪಿಸಲಿಲ್ಲ. ಅವನ ಬಾಯಿಯ ಒಂದು ಮೂಲೆ ಅಲುಗಿತು. "ಏನ್ ಬೈತಿರಲಿಲ್ಲ ಅಂತ ಕೇಳ್ರಿ."

"ಹಂಗಾರ ಬೈಗಳದಾಗಿನ ಹಿಗ್ಗಿಂದು ಒಂದ ಹೇಳು. ಕಣ್ಣ ಮುಚ್ಚು."

ಮುಚ್ಚಿದ. ಉಸಿರು ಏರಿತು, ಇಳಿಯಿತು. "ಹಾಳಬಾವಿ ಐತ್ರಿ," ಎಂದು ಶುರುಮಾಡಿದ. "ನೀರಿಲ್ಲ. ಇಬ್ರೂ ಸಣ್ಣವ್ರು. ದಂಡಿ ಮ್ಯಾಲ ಹೊಟ್ಟಿ ಹಚ್ಚಿ ಮಲಗೇವಿ."

"ಕಲ್ಲು ಹ್ಯಾಂಗ ಐತಿ?"

"ಹೊಟ್ಟಿಗಿ ತಣ್ಣಗ ಹತ್ತಾಕತ್ತೈತ್ರಿ. ಒಳಗ ಪಾರಿವಾಳ ಅದಾವು. ನಮ್ಮಣ್ಣ ಒಳಗ ಬಗ್ಗಿ ಒದರ್ತಾನ..." ಕೈಯಲ್ಲಿನ ಉಣ್ಣೆ ಹಿಂಡಿಹೋಯಿತು. "ನಿನಗ ಸಿಡ್ಲ ಬಡೀಲಿ ಅಂತ ಒದರ್ತಾನ. ಬಾವಿ ಹೊಳ್ಳಿ ಅಂತೈತಿ, ಬಡೀಲೀ ಅಂತ. ನಾನೂ ಒದರ್ತೇನಿ. ಅದೂ ಒದರ್ತೈತಿ. ಪಾರಿವಾಳ ಎಲ್ಲಾ ಎದ್ದು ಹಾರ್ತಾವು. ನೋಡಲೇ, ಬಾವಿ ನಮಗ ಬೈತೈತಿ ಅಂತಾನ ಅಂವ. ನಕ್ಕೂ ನಕ್ಕೂ ಹೊಟ್ಟಿ ನೋಯಾಕತ್ತೈತಿ."

ಅವನು ನಗುತ್ತಿದ್ದ. ಕಣ್ಣು ಮುಚ್ಚಿಯೇ ಇತ್ತು, ನೀರು ಇಳಿಯುತ್ತಿತ್ತು.

"ಆಮ್ಯಾಲ ಏನಾತು?"

"ಏನ ಆಗ್ತೈತ್ರಿ? ಹಸಿವಾತು, ಮನಿಗಿ ಬಂದ್ವಿ."

ಹೇಳಿದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ಕಣ್ಣು ತೆರೆದ. "ಏನೂ ಆಗಲಿಲ್ಲರಿ," ಎಂದ ಮತ್ತೊಮ್ಮೆ, ಹೊಸ ಸುದ್ದಿ ಹೇಳುವವನಂತೆ. ನನ್ನ ಅಷ್ಟುದ್ದದ ವಿದ್ಯುತ್ತಿನ ಪಾಠ ಮಾಡಲಾರದ್ದನ್ನು ಒಂದು ಹಾಳುಬಾವಿ ಮಾಡಿತ್ತು.

ಬೇಲಿಯ ಹತ್ತಿರ ಏನೋ ಸದ್ದಾಯಿತು. ಮಜ್ಜಿಗೆ ತಂದಿದ್ದ ಅತ್ತಿಗೆ ತಂಬಿಗೆಯನ್ನು ನೆಲಕ್ಕಿಟ್ಟು ಅಲ್ಲೇ ಕುಳಿತುಬಿಟ್ಟಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ. ಅಷ್ಟು ವಾರ ದವಾಖಾನೆಯ ಬಾಕಿನ ಮೇಲೆ ಮುಖ ಆಚೆ ಮಾಡಿ ಕೂರುತ್ತಿದ್ದವಳು ಮೊದಲ ಸಲ ಬಾಯಿ ಬಿಟ್ಟಳು.

"ತಮ್ಮಾ, ನಾನೂ ಅಂದಿದ್ದೆ."

ಅವನು ತಿರುಗಿದ.

"ಅವತ್ತ ಮುಂಜಾನಿ ನಿಮ್ಮಣ್ಣ ಬುತ್ತಿ ಮರತ ಹೊಂಟಿದ್ರು. ಓಡಿ ಹೋಗಿ ಕೊಟ್ಟೆ. ಕೊಡೂಮುಂದ ಅಂದೆ, ನಿಮಗ ಸಿಡ್ಲ ಬಡೀಲಿ, ತೆಲಿ ಎಲ್ಲಿ ಇಟ್ಟ ಹೊಂಟೀರಿ ಅಂತ. ನಕ್ಕು ಹೋದ್ರು. ನನ್ನ ಮಾತ ಹತ್ತಿತು ಅಂತ ನಾ ಯಾರ ಮುಂದ ಹೇಳ್ಲಿ?"

ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಕಲ್ಲನ್ನು ಎದೆಯ ಮೇಲೆ ಹೊತ್ತು, ಒಬ್ಬರಿಂದೊಬ್ಬರು ಮುಖ ಮರೆಸಿಕೊಂಡು ತಿರುಗಿದ್ದರು. ಅವನು ಕೇಳಿದ, "ಹಂಗಾರ ಯಾರ ಮಾತು ಹತ್ತಿತು ಅತ್ತಿಗಿ? ನಿಂದೋ, ನಂದೋ?"

ಅವಳು ಉತ್ತರಿಸುವ ಮೊದಲೇ ಬೇಲಿಯಾಚೆಯಿಂದ ಅಜ್ಜಿಯ ದನಿ ಬಂತು. ಅವಳೂ ಕೇಳುತ್ತಿದ್ದಳು. ಆ ಮನೆಯಲ್ಲಿ ಗುಟ್ಟು ನಿಲ್ಲುವ ಗೋಡೆಗಳಿರಲಿಲ್ಲ, ಆದರೂ ಇಷ್ಟು ದಿನ ನಿಂತಿತ್ತು.

"ಯಾರದೂ ಅಲ್ಲ! ಅವಗ ನಾ ಬೈದಷ್ಟು ನೀವ್ಯಾರರೆ ಬೈದೀರೇನು? ಬೈದದ್ದು ಹತ್ತೂದಿದ್ರ ಅಂವ ತೊಟ್ಟಿಲದಾಗ ಇದ್ದಾಗ ಹೋಗ್ತಿದ್ದ!"

ಮೊದಲು ನಕ್ಕವಳು ಅತ್ತಿಗೆ. ನಗು ಅಳುವಾಯಿತು, ಅಳು ನಗುವಾಯಿತು, ಕುರಿಗಳು ಎದ್ದು ನಿಂತು ನೋಡಿದವು. ನಾನು ಮಜ್ಜಿಗೆ ಕುಡಿದೆ. ಅಂಥ ರುಚಿಯ ಮಜ್ಜಿಗೆ ನಾನು ಮತ್ತೆ ಕುಡಿದಿಲ್ಲ.

ಅಲ್ಲಿಂದ ಮುಂದೆ ನೆನಪು ಕೆದಕುವ ಕೆಲಸ ನನ್ನ ಕೈತಪ್ಪಿಹೋಯಿತು. ನಾನು ಹೋಗುವಷ್ಟರಲ್ಲಿ ಮನೆಯವರೆಲ್ಲ ಹಟ್ಟಿಯಲ್ಲಿ ಕುಳಿತು ತೀರಿಹೋದವನ ಕಿತಾಪತಿಗಳನ್ನು ಹೇಳಿಕೊಳ್ಳುತ್ತಿರುತ್ತಿದ್ದರು. ಅವನು ಕದ್ದ ಶೇಂಗಾ, ಮುಚ್ಚಿಟ್ಟ ಚಪ್ಪಲಿ, ಅಜ್ಜಿಯ ಎಲೆಯಡಿಕೆ ಚೀಲದಲ್ಲಿ ಹಾಕಿದ ಕುರಿಹಿಕ್ಕೆ. ನನಗೆ ಉಳಿದದ್ದು ಏಣಿ ಹತ್ತಿಸುವ ಕೆಲಸ ಮಾತ್ರ. ಕಂಪೌಂಡರ್ ತಗಡು ಹೊತ್ತು ನನ್ನ ಜೊತೆ ಬಸ್ಸಿನಲ್ಲಿ ಬಂದ, ಕಂಡಕ್ಟರನ ಜೊತೆ ಅದರ ಸಲುವಾಗಿ ಜಗಳವನ್ನೂ ಆಡಿದ. ದೂರದ ಸದ್ದು, ಹತ್ತಿರದ ಸದ್ದು, ಬೇಲಿಯ ಪಕ್ಕದ ಸದ್ದು. ಪ್ರತಿ ಸಲವೂ ಕುರಿಗಾರ ಕಣ್ಣು ಮುಚ್ಚಿ ಬಾವಿಯ ದಂಡೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ ಬರುತ್ತಿದ್ದ. ನಾಡಿ ಓಡುತ್ತಿತ್ತು, ಮತ್ತೆ ನಡೆಯುತ್ತಿತ್ತು. ಆಮೇಲೆ ಮನೆಯಿಂದ ಹಟ್ಟಿಗೆ, ಹಟ್ಟಿಯಿಂದ ಹೊಲಕ್ಕೆ, ಹೊಲದಿಂದ ಮೋಡವಿಲ್ಲದ ದಿನ ಅಣ್ಣ ಸತ್ತ ಆ ದಿನ್ನಿಯ ಬುಡಕ್ಕೆ ಕರೆದೊಯ್ದೆ. ದಿನ್ನಿಯನ್ನು ಮಾತ್ರ ಅವನು ಹತ್ತಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅಪ್ಪ ನೋಡುತ್ತಿದ್ದ. ವ್ಯಾಪಾರಿಗೆ ಮಾತ್ರ ಇನ್ನೂ ಬೇಡವೆಂದು ಹೇಳಿರಲಿಲ್ಲ.

ಕಾರಹುಣ್ಣಿಮೆ ಇನ್ನೇನು ಬಂತು ಎನ್ನುವಾಗ ನಾನು ಕೊನೆಯ ಸಲ ಹೋದೆ. ಕುರಿಗಳ ಜೊತೆ ಅವನೂ ಅತ್ತಿಗೆಯೂ ದಿನ್ನಿಯ ಕೆಳಗಿನ ಬೀಳುಭೂಮಿಯಲ್ಲಿದ್ದರು. ನಾನು ಅವರನ್ನು ಮುಟ್ಟುವಷ್ಟರಲ್ಲಿ ಪಡುವಣದಿಂದ ಮುಂಗಾರಿನ ಮಿರ್ಗದ ಮಳೆಯ ಮೋಡ ಎದ್ದಿತ್ತು. ಗಾಳಿ ಬಿಟ್ಟಿತು. ನೆಲದ ಎರೆಮಣ್ಣು ಕಣ್ಣಿಗೆ ರಾಚಿತು. ಮೊದಲ ಗುಡುಗು ದೂರದಲ್ಲಿ ಉರುಳಿದಾಗ ನಾನು ಮೋಡ ನೋಡಲಿಲ್ಲ, ಅವನ ಮುಖ ನೋಡಿದೆ. ಬಣ್ಣ ಇಳಿದಿತ್ತು. ತುಟಿ ಅಲುಗುತ್ತಿತ್ತು.

"ಬಾವಿ ನೆನಸ್ಕೋ," ಎಂದು ಗಾಳಿಯಲ್ಲಿ ಕೂಗಿದೆ. "ಉಸಿರ ನಿಧಾನ ಬಿಡು. ಹೊಟ್ಟಿಗಿ ಕಲ್ಲ ತಣ್ಣಗ ಹತ್ತಾಕತ್ತೈತಿ, ಒಳಗ ಪಾರಿವಾಳ..."

ಎರಡನೆಯ ಗುಡುಗು ಹತ್ತಿರದಲ್ಲೇ ಒಡೆಯಿತು. ಕುರಿಗಳು ಬೆದರಿ ಎರಡು ಹೋಳಾದವು. ಒಂದು ಹೋಳು ಅತ್ತಿಗೆಯ ಕಡೆ ತಿರುಗಿತು, ಇನ್ನೊಂದು ಹಳ್ಳದ ಕಡೆ ಬಿದ್ದು ಓಡಿತು. ಮೊನ್ನೆ ಹುಟ್ಟಿದ ಎರಡು ಮರಿಗಳು ನಡುವೆ ಉಳಿದು ಅರಚತೊಡಗಿದವು. ನಾನು ಇನ್ನೂ ಅವನ ಮುಖವನ್ನೇ ನೋಡುತ್ತ, ಪಾರಿವಾಳದ ಬಗ್ಗೆ ಹೇಳುತ್ತ ನಿಂತಿದ್ದೆ.

"ನನ್ನ ಮಾರಿ ಏನ ನೋಡ್ತೀರಿ ಸಾಹೇಬ್ರ!" ಎಂದು ಅವನು ಗದರಿಸಿದ. ಎರಡೂ ಮರಿಗಳನ್ನು ಎತ್ತಿ ನನ್ನ ಎದೆಗೆ ಒತ್ತಿದ. "ಇವನ್ನ ಹಿಡೀರಿ. ಬಿಟ್ಟೀರಂದ್ರ ನೋಡ್ರಿ ಮತ್ತ!"

ಕೋಲು ಹಿಡಿದು, ನಾಲಿಗೆಯಿಂದ ಟ್ರ‍್ರ‍್ ಎಂದು ಕುರಿ ಕರೆಯುತ್ತ, ಸುರಿಯತೊಡಗಿದ ಮಳೆಯಲ್ಲಿ ಅವನು ಹಳ್ಳದ ಕಡೆ ಓಡಿದ. ತೊಯ್ದು ತೊಪ್ಪೆಯಾದ ನಾನು ಎರಡು ಮರಿಗಳನ್ನು ಅವುಚಿಕೊಂಡು ನಿಂತೆ. ಒಂದು ಮರಿ ನನ್ನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಅತ್ತಿಗೆ ನನ್ನ ಅವಸ್ಥೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನ್ನ ರೋಗಿ ಎಲ್ಲಿ ಹೋದ ಎಂದು ಹುಡುಕಿದೆ. ಮಳೆಯ ಆಚೆ ಒಬ್ಬ ಕುರಿಗಾರ ಮಾತ್ರ ಕಾಣುತ್ತಿದ್ದ. ಹಳ್ಳದ ದಂಡೆಯಿಂದ ಮೇಲಕ್ಕೆ ಹೊರಳಿದ ಕುರಿಗಳ ಹಿಂದೆ ಹಿಂದೆ, ಆ ದಿನ್ನಿಯನ್ನು ಹತ್ತುತ್ತಿದ್ದ.